ಗೋಕರ್ಣಕ್ಕೆ ಹೊರಡುವ ಮುನ್ನ ಪಂಚಾಂಗ ತೆರೆಯಿರಿ

ಗೋಕರ್ಣಕ್ಕೆ ಹೋಗುವ ಯೋಚನೆಯಿದ್ದರೆ ರೂಮು ಬುಕ್ ಮಾಡುವ ಆ್ಯಪ್ ಆಮೇಲೆ ತೆರೆದರಾಯಿತು, ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಇದು ಭಕ್ತಿಗಾಗಿ ಹೇಳುವ ಮಾತಲ್ಲ. ರಥಬೀದಿಯಲ್ಲಿ ಕಾಲಿಡಲು ಜಾಗವಿರುತ್ತದೆಯೇ, ಬಂಡೆ ಬಳಸಿ ಪಕ್ಕದ ಬೀಚಿಗೆ ಯಾವ ಹೊತ್ತಿನಲ್ಲಿ ದಾಟಬಹುದು, ತಟ್ಟೆಗೆ ಬಂದ ಬಂಗಡೆ ಇವತ್ತಿನದೋ ಐಸಿನದೋ ಎಂಬುದೆಲ್ಲ ಈ ಊರಿನಲ್ಲಿ ಚಂದ್ರನಿಗೋ ಮಳೆಗೋ ಕಟ್ಟುಬಿದ್ದಿದೆ. ಮೀನುಗಾರರು, ಉಪ್ಪಿನಾಗರದವರು, ಪುರೋಹಿತರು ಎಲ್ಲರೂ ತಿಥಿ ಲೆಕ್ಕದಲ್ಲೇ ಬದುಕುವ ಜಾಗವಿದು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗುವವರು ಮಾತ್ರ ವಾರದ ಲೆಕ್ಕದಲ್ಲಿ ಬರುತ್ತಾರೆ. ಅವರೆಲ್ಲ ಒಟ್ಟಿಗೇ ಬರುವುದರಿಂದ ಊರು ಅವರಿಗೆ ಕಾಣುವುದೂ ಕಡಿಮೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ ನದಿಗಳ ನಡುವೆ ಕಡಲಿಗೆ ಚಾಚಿಕೊಂಡ ನೆಲ ಗೋಕರ್ಣ. ಸಾವಿರಾರು ವರ್ಷಗಳ ಹೆಸರುಳ್ಳ ಶೈವ ಕ್ಷೇತ್ರ. ಗೋವಾದ ಗದ್ದಲಕ್ಕೆ ಬೇಸತ್ತ ವಿದೇಶಿ ಪ್ರವಾಸಿಗರು ಕಳೆದ ಶತಮಾನದ ಕೊನೆಯ ಹೊತ್ತಿಗೆ ಗುಡ್ಡದಾಚೆಯ ಬೀಚುಗಳಲ್ಲಿ ಬಿಡಾರ ಹೂಡತೊಡಗಿದರು. ಅವರ ಹಿಂದೆ ಗುಡಿಸಲು ಹೋಟೆಲುಗಳು ಬಂದವು, ಅವುಗಳ ಹಿಂದೆ ನಮ್ಮ ಐಟಿ ಮಂದಿ, ಈಗ ಗುಡ್ಡದ ನೆತ್ತಿಯಲ್ಲಿ ರೆಸಾರ್ಟುಗಳು, ಹಾಸ್ಟೆಲುಗಳು. ಒಂದೇ ಬಸ್ ನಿಲ್ದಾಣದಲ್ಲಿ ಪಿತೃಕಾರ್ಯಕ್ಕೆ ಬಂದ ಕುಟುಂಬವೂ ಹೆಗಲಿಗೆ ಗಿಟಾರು ಹಾಕಿಕೊಂಡ ಹುಡುಗರೂ ಇಳಿಯುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಡೆದುಹೋಗುವ ಕಲೆಯನ್ನು ಗೋಕರ್ಣ ಚೆನ್ನಾಗಿ ಕಲಿತಿದೆ.

ಯಾವಾಗ ಹೋಗುವುದು

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಅದರಲ್ಲೂ ಸೋಮವಾರದಿಂದ ಗುರುವಾರದೊಳಗೆ ಹೋಗಿಬರುವ ಅನುಕೂಲವಿದ್ದರೆ ಬೇರೆ ಯೋಚನೆಯೇ ಬೇಡ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮತ್ತು ಸಾಲು ರಜೆಗಳಲ್ಲಿ ಹೋಗಲೇಬೇಡಿ ಎನ್ನುವುದು ನನ್ನ ಸಲಹೆ. ಊರಿನ ಬೀದಿಗಳು ಎತ್ತಿನಗಾಡಿಯ ಕಾಲದವು. ನೂರಾರು ಕಾರು ಒಮ್ಮೆಗೇ ನುಗ್ಗಿದರೆ ಹೆದ್ದಾರಿಯಿಂದ ಊರೊಳಗೆ ಬರಲು ಹಿಡಿಯುವ ಸಮಯದಲ್ಲಿ ಕುಮಟೆಗೆ ಹೋಗಿಬರಬಹುದು.

ಶಿವರಾತ್ರಿಯ ಮಾತು ಬೇರೆ. ಮಾಘ ಬಹುಳ ಚತುರ್ದಶಿಯ ಆಸುಪಾಸಿನ ದಿನಗಳಲ್ಲಿ ಉತ್ತರ ಕರ್ನಾಟಕದಿಂದ ಲಾರಿ, ಟ್ರ್ಯಾಕ್ಸ್ ತುಂಬಿ ಜನ ಬರುತ್ತಾರೆ. ಅದರ ಬೆನ್ನಿಗೇ ಮಹಾರಥೋತ್ಸವ. ಜನ ತೇರಿಗೆ ಬಾಳೆಹಣ್ಣು ತೂರುವ ಆ ಗದ್ದಲವನ್ನು ನೋಡಲೆಂದೇ ಹೋಗುವುದಾದರೆ ಹೋಗಿ, ಆದರೆ ಆಗ ಬೀಚ್ ರಜೆಯ ಆಸೆ ಬಿಡಿ. ಅದಾದ ಮೇಲೆ ಬರುವ ಹೋಳಿ ಹುಣ್ಣಿಮೆಗೆ ಅಂಕೋಲಾ, ಕುಮಟಾ ಸುತ್ತಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಂದ ಸುಗ್ಗಿ ಕುಣಿತದ ತಂಡಗಳು ಹೊರಡುತ್ತವೆ. ತುರಾಯಿ ಕಟ್ಟಿ, ಗುಮಟೆ ಬಾರಿಸುತ್ತ ಮನೆಮನೆಗೆ ಹೋಗುವ ಅವರನ್ನು ನೋಡಲು ಟಿಕೆಟ್ ಇಲ್ಲ, ಹೊತ್ತುಗೊತ್ತಿನ ಪಟ್ಟಿಯೂ ಇಲ್ಲ. ನೀವು ಉಳಿದುಕೊಂಡ ಮನೆಯವರನ್ನೇ ಕೇಳಬೇಕು. ನನ್ನ ಮಟ್ಟಿಗೆ ಇದು ಓಂ ಬೀಚಿನ ಸೂರ್ಯಾಸ್ತಕ್ಕಿಂತ ದೊಡ್ಡ ನೋಟ.

ಏಪ್ರಿಲ್, ಮೇ ಸೆಕೆ. ಬಾವಿಗಳಲ್ಲಿ ನೀರು ತಳ ಕಾಣುವ ಕಾಲ, ಕಡಲ ಬದಿಯ ಕೆಲವು ಬಾವಿಗಳಲ್ಲಿ ಉಪ್ಪು ಬೆರೆಯುವ ಕಾಲವೂ ಹೌದು. ರೂಮು ಗೊತ್ತುಮಾಡುವಾಗ ನೀರಿನ ವಿಚಾರ ಮುಚ್ಚುಮರೆಯಿಲ್ಲದೆ ಕೇಳಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಗುಡ್ಡವೆಲ್ಲ ಹಸಿರು, ರೂಮು ಅಗ್ಗ, ಜನ ವಿರಳ, ಸಮುದ್ರಕ್ಕೆ ಮಾತ್ರ ಇಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ. ಆ ಎರಡು ತಿಂಗಳು ‘ತಾಜಾ ಮೀನು’ ಎಂಬ ಬೋರ್ಡು ಕಂಡರೆ ನಗುತ್ತಲೇ ಒಳಗೆ ಹೋಗಿ.

ದಾರಿ

ಬೆಂಗಳೂರಿನಿಂದ ಸುಮಾರು 480 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 145. ಬೆಂಗಳೂರು-ಕಾರವಾರ ನಡುವೆ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು. ಗೋಕರ್ಣ ರೋಡ್ ನಿಲ್ದಾಣ ಹೆಸರಿಗಷ್ಟೇ ಗೋಕರ್ಣದ್ದು, ಊರು ಅಲ್ಲಿಂದ ಸುಮಾರು ಹತ್ತು ಕಿ.ಮೀ. ದೂರದಲ್ಲಿದೆ. ಆಟೊದವರ ಹತ್ತಿರ ದರ ಮೊದಲೇ ಮಾತಾಡಿಕೊಳ್ಳಿ, ಜೊತೆ ಸಿಕ್ಕರೆ ಹಂಚಿಕೊಳ್ಳಿ. ಗೋಕರ್ಣದಲ್ಲಿ ನಿಲ್ಲದ ರೈಲುಗಳು ಎಷ್ಟೋ ಇವೆ. ಅಂಥ ರೈಲು ಸಿಕ್ಕರೆ ಕುಮಟಾದಲ್ಲೋ ಅಂಕೋಲಾದಲ್ಲೋ ಇಳಿದು ಸಾರಿಗೆ ಸಂಸ್ಥೆಯ ಬಸ್ಸು ಹಿಡಿಯುವುದು ಲೇಸು.

ಸ್ವಂತ ವಾಹನದಲ್ಲಿ ಬರುವವರಿಗೆ ಘಟ್ಟ ಇಳಿಯುವ ದಾರಿ ಮೂರ್ನಾಲ್ಕಿವೆ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದರೆ ಅಂಕೋಲಾ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ, ಸಾಗರದ ಕಡೆಯಿಂದಾದರೆ ಹೊನ್ನಾವರ. ಮಳೆಗಾಲದಲ್ಲಿ ಯಾವ ದಾರಿ ತೆರೆದಿದೆ ಎಂದು ಹೊರಡುವ ದಿನವೇ ವಿಚಾರಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿ, ವಾಹನಗಳ ಸಮೇತ ಜನ ಗಂಗಾವಳಿಯ ಪಾಲಾದದ್ದು ನೆನಪಿರಲಿ. ರೆಡ್ ಅಲರ್ಟ್ ಇದ್ದ ದಿನ ಕರಾವಳಿ ಹೆದ್ದಾರಿಯಲ್ಲಿ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಅಭ್ಯಾಸ ಬಿಡಬೇಕು.

ಯಾವ ಬೀಚು ಯಾರಿಗೆ

ದೇವಸ್ಥಾನದ ಎದುರಿನದು ಮುಖ್ಯ ಬೀಚು. ಬೆಳಗಿನ ಹೊತ್ತು ಇದು ಯಾತ್ರಿಕರದ್ದು. ಸಮುದ್ರಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತವರು, ಪಿಂಡ ಬಿಡುವವರು, ಕಾಗೆಗೆ ಕಾಯುವವರು ಇರುತ್ತಾರೆ. ಅಲ್ಲಿ ಈಜುಡುಗೆಯಲ್ಲಿ ಓಡಾಡುವುದು, ಡ್ರೋನ್ ಹಾರಿಸುವುದು ಯಾರದೋ ಮನೆಯ ತಿಥಿಯೂಟದ ನಡುವೆ ನುಗ್ಗಿದ ಹಾಗೆ. ಹಿರಿಯರ ಜೊತೆ ಬಂದವರು ಈ ಬೀಚಿನ ಹತ್ತಿರವೇ ರೂಮು ಹಿಡಿಯುವುದು ಒಳ್ಳೆಯದು. ಗುಡಿ, ಊಟ, ಕಡಲು ಎಲ್ಲ ನಡೆದು ಮುಗಿಯುವಷ್ಟು ಹತ್ತಿರ.

ದಕ್ಷಿಣಕ್ಕೆ ರಾಮತೀರ್ಥದ ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆಯ ನಡಿಗೆ. ಎರಡೂ ತುದಿಗೆ ಬಂಡೆ, ನಡುವೆ ಉದ್ದ ಮರಳು, ಹಿಂದೆ ಸಾಲಾಗಿ ಹೋಟೆಲುಗಳು. ಗೆಳೆಯರ ಗುಂಪಿಗೆ ಇದೇ ಸರಿ. ಇಲ್ಲಿನ ಮೆನುವಿನಲ್ಲಿ ಪಿಜ್ಜಾ, ಹಮ್ಮಸ್, ಪ್ಯಾನ್‌ಕೇಕ್ ಎಲ್ಲ ಸಿಗುತ್ತದೆ. ಗಂಜಿ ಕೇಳಿದರೆ ಮಾತ್ರ ಮಾಣಿ ನಿಮ್ಮ ಮುಖ ನೋಡುತ್ತಾನೆ. ವಾಹನ ಗುಡ್ಡದ ಮೇಲೆಯೇ ನಿಲ್ಲುತ್ತದೆ, ಕೆಳಗೆ ಮೆಟ್ಟಿಲು. ದೊಡ್ಡ ಸೂಟ್‌ಕೇಸ್ ತರುವವರು ಈ ಮೆಟ್ಟಿಲುಗಳ ವಿಚಾರ ಮೊದಲೇ ಕೇಳಿಕೊಳ್ಳಬೇಕು, ಫೋಟೊದಲ್ಲಿ ಅವು ಕಾಣುವುದಿಲ್ಲ.

ಓಂ ಬೀಚಿನ ಹೆಸರಿನ ಗುಟ್ಟು ಮೇಲಿಂದ ನೋಡಿದವರಿಗೇ ತಿಳಿಯುತ್ತದೆ. ಬಂಡೆಯ ಎರಡೂ ಕಡೆ ಎರಡು ಅರ್ಧವೃತ್ತದ ಕೊಲ್ಲಿಗಳು ಸೇರಿ ಅಕ್ಷರದ ಆಕಾರ. ಆಟೊ, ಕಾರು ಬೀಚಿನ ಮೇಲ್ಗಡೆವರೆಗೂ ಬರುವುದರಿಂದ ಶನಿವಾರ, ಭಾನುವಾರ ಇಲ್ಲಿ ಜಾತ್ರೆ. ಅಲ್ಲಿಂದ ಮುಂದೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಇವಕ್ಕೆ ಕಾಲ್ದಾರಿ ಅಥವಾ ದೋಣಿಯೇ ಗತಿ. ಪ್ಯಾರಡೈಸಿನ ಗುಡಿಸಲುಗಳನ್ನು ಅರಣ್ಯ ಇಲಾಖೆ ಹಿಂದೆಯೇ ತೆರವು ಮಾಡಿಸಿದೆ. ಹೋಗುವುದಾದರೆ ನೀರು, ತಿಂಡಿ ಜೊತೆಗಿರಲಿ, ಬೆಳಕಿರುವಾಗಲೇ ತಿರುಗಿ ಬನ್ನಿ. ಕಾಲ್ದಾರಿ ಕೆಲವೆಡೆ ಬಂಡೆಯ ಅಂಚಿನಲ್ಲೇ ಹಾದುಹೋಗುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು, ಕತ್ತಲಲ್ಲಿ, ಮೊಬೈಲಿನ ಬೆಳಕು ನಂಬಿ ಹೋಗುವ ದಾರಿಯಲ್ಲ. ಇನ್ನೂ ದಕ್ಷಿಣಕ್ಕೆ ಬೇಲೆಕಾನ್, ಉತ್ತರಕ್ಕೆ ಗಂಗಾವಳಿ ಕಡೆಯ ಮರಳು. ಗದ್ದಲ ಬೇಡದ ಕುಟುಂಬಗಳು ಈ ಎರಡನ್ನು ನೋಡಬಹುದು.

ಇನ್ನು ತಿಥಿಯ ಲೆಕ್ಕ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಅವು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದು. ನಮ್ಮ ಕರಾವಳಿಯಲ್ಲಿ ಸ್ಥೂಲವಾಗಿ ಹೇಳುವುದಾದರೆ ಅಮಾವಾಸ್ಯೆ, ಹುಣ್ಣಿಮೆಯ ದಿನ ನಡುಹಗಲಿನ ಆಸುಪಾಸಿಗೆ ಭರತ, ಸಂಜೆಗೆ ಇಳಿತ. ಅಂದರೆ ಆ ಸಂಜೆಗಳಲ್ಲಿ ಮರಳು ಅಗಲವಾಗಿ ಸಿಗುತ್ತದೆ, ಮಕ್ಕಳಿಗೆ ಬಂಡೆಯ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು ತೋರಿಸಬಹುದು. ಆದರೆ ಇಳಿತದಲ್ಲಿ ಬಂಡೆ ಬಳಸಿ ಹೋದ ದಾರಿ ಭರತದಲ್ಲಿ ನೀರಿನಡಿ ಇರುತ್ತದೆ. ಹೋದ ಹಾಗೆಯೇ ಬರಬಹುದೆಂಬ ಭರವಸೆ ಬೇಡ, ವಾಪಸ್ಸು ಗುಡ್ಡದ ಮೇಲಿನ ದಾರಿ ಯಾವುದೆಂದು ತಿಳಿದುಕೊಂಡೇ ಹೊರಡಿ. ನಿಖರ ವೇಳೆ ಮೊಬೈಲಿನಲ್ಲೂ ಸಿಗುತ್ತದೆ, ದೋಣಿ ದುರಸ್ತಿ ಮಾಡುತ್ತ ಕುಳಿತವರನ್ನು ಕೇಳಿದರೂ ಸಿಗುತ್ತದೆ. ಎರಡನೆಯದರಲ್ಲಿ ಗಾಳಿಯ ಸುದ್ದಿಯೂ ಉಚಿತ.

ನೀರಿಗಿಳಿಯುವ ಮೊದಲು

ಈ ಭಾಗವನ್ನು ಹಾರಿಸಿ ಓದಬೇಡಿ. ಗೋಕರ್ಣದ ಕಡಲಿನಲ್ಲಿ ಪ್ರವಾಸಿಗರು ಮುಳುಗುವ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಒಳನಾಡಿನವರು, ಕೆರೆಯಲ್ಲಿ, ಈಜುಕೊಳದಲ್ಲಿ ಈಜು ಕಲಿತವರು. ಕಡಲಿನ ಈಜೇ ಬೇರೆ. ಅಪಾಯ ಮಳೆಗಾಲದಲ್ಲಿ ಮಾತ್ರ ಎಂದುಕೊಳ್ಳುವುದೂ ತಪ್ಪು. ಇಲ್ಲಿಂದ ದಕ್ಷಿಣಕ್ಕಿರುವ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು 2024ರ ಡಿಸೆಂಬರಿನಲ್ಲಿ.

ಜನ ‘ಸುಳಿಗೆ ಸಿಕ್ಕರು’ ಎನ್ನುವುದು ಬಹುಪಾಲು ಸುಳಿಯಲ್ಲ. ದಡಕ್ಕೆ ಬಡಿದ ಅಲೆಗಳ ನೀರು ಹಿಂದಕ್ಕೆ ಹೋಗಲೇಬೇಕಲ್ಲ, ಅದು ಮರಳಿನ ದಿಬ್ಬಗಳ ನಡುವೆ ಕಿರಿದಾದ ಕಾಲುವೆ ಮಾಡಿಕೊಂಡು ಒಳಗಡಲಿಗೆ ರಭಸವಾಗಿ ಹರಿಯುತ್ತದೆ. ಮೇಲಿಂದ ನೋಡಿದರೆ ಎರಡೂ ಬದಿಯಲ್ಲಿ ಅಲೆ ನೊರೆಯಾಗಿ ಒಡೆಯುತ್ತಿರುತ್ತದೆ, ನಡುವಿನ ಪಟ್ಟಿಯಲ್ಲಿ ಮಾತ್ರ ಅಲೆಯಿಲ್ಲ, ನೀರು ತುಸು ಕಪ್ಪು ಅಥವಾ ಕೆಸರು ಬಣ್ಣ. ಅಲೆಗೆ ಹೆದರುವವರು ಶಾಂತವಾಗಿದೆಯೆಂದು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಬಂಡೆಯ ಪಕ್ಕದಲ್ಲೂ ಇಂಥ ಹರಿವು ಸಾಮಾನ್ಯ.

ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಬೇಡಿ. ಒಳ್ಳೆಯ ಈಜುಗಾರನೂ ಅದರೆದುರು ಸೋಲುತ್ತಾನೆ, ಸಾಯುವುದು ಆ ಸುಸ್ತಿನಿಂದಲೇ. ಆ ಹರಿವು ನಿಮ್ಮನ್ನು ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೇ. ಅಂಗಾತ ತೇಲಿ, ಕೈ ಎತ್ತಿ ಕೂಗಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗಕ್ಕೆ ಬಂದರೆ ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಸ್ನೇಹಿತನನ್ನು ಉಳಿಸಲು ಹಾರಿದವರೂ ಮುಳುಗಿದ ಪ್ರಕರಣಗಳು ಬೇಕಾದಷ್ಟಿವೆ. ನೀವು ಹಾರುವ ಬದಲು ತೇಲುವ ಏನನ್ನಾದರೂ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಆದರೂ ಸರಿ. ಜೀವರಕ್ಷಕರನ್ನು ಕೂಗಿ. ಅವರು ಸೀಟಿ ಊದಿದಾಗ ಹೊರಗೆ ಬರುವುದಕ್ಕೆ ವಾದ ಬೇಕಿಲ್ಲ. ಕುಡಿದು ಇಳಿಯುವವರಿಗೆ ಹೇಳುವುದೇನಿಲ್ಲ. ಓಂ ಬೀಚಿನ ಬಂಡೆಯ ತುದಿಯಲ್ಲಿ ಕಡಲಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವವರಿಗೆ ಒಂದು ಮಾತು: ಒದ್ದೆಯಾಗಿ ಹೊಳೆಯುವ ಬಂಡೆಯೆಂದರೆ ಅಲ್ಲಿಯವರೆಗೆ ಅಲೆ ಬಂದು ಹೋಗಿದೆ ಎಂದೇ ಅರ್ಥ.

ಅಂಬಲಿ ಮೀನು ಸೋಕಿ ಮೈ ಉರಿದರೆ ಮರಳು ಹಾಕಿ ಉಜ್ಜಬೇಡಿ, ಸಿಹಿನೀರೂ ಬೇಡ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಕೆರೆಯದೆ ಚಿಮಟದಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆ.

ಪುಟ್ಟ ಮಕ್ಕಳನ್ನು ನೀರಾಡಿಸಲೇಬೇಕೆಂಬ ಪ್ರವಾಸವಾದರೆ ಒಂದು ದಿನ ಹೊನ್ನಾವರದ ಕಾಸರಕೋಡು ಇಕೋ ಬೀಚಿಗೆ ಹೋಗಿ. 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವದು. ಆ ಮಾನ್ಯತೆಗೆ ಶೌಚಾಲಯ, ಜೀವರಕ್ಷಣೆಯ ವ್ಯವಸ್ಥೆ ಎಲ್ಲ ಇರಲೇಬೇಕು.

ಗುಡಿ, ಊಟ, ಪುಸ್ತಕ

ಕ್ರಮವೆಂದರೆ ಸಮುದ್ರಸ್ನಾನ, ಆಮೇಲೆ ಮಹಾಗಣಪತಿ, ಅನಂತರ ಮಹಾಬಲೇಶ್ವರ. ರಾವಣನ ಕೈಯಿಂದ ಆತ್ಮಲಿಂಗವನ್ನು ಪಡೆದು ನೆಲಕ್ಕಿಟ್ಟ ವಟು ಗಣಪತಿಗೆ ಮೊದಲ ಮರ್ಯಾದೆ. ಗಂಡಸರು ಪಂಚೆ ಜೊತೆಗಿಟ್ಟುಕೊಳ್ಳಿ, ಅಂಗಿ ತೆಗೆಯಬೇಕಾಗುತ್ತದೆ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆ ಬೇಗ ಹೋಗುವುದು ಜಾಣತನ. ಪೂಜೆಗೆ ರಸೀದಿ ಕೇಳಿ ಪಡೆಯಿರಿ.

ಬೆಳಗಿನ ಪೇಟೆ ತಪ್ಪಿಸಬೇಡಿ. ಕೊರಳು ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ಹರಿವೆ, ಬಸಳೆ, ಬದನೆ, ಗೆಣಸು ಹರಡಿಕೊಂಡು ಕುಳಿತಿರುತ್ತಾರೆ. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ, ಅದಕ್ಕೂ ಮೊದಲು ಒಂದು ಕಟ್ಟು ಸೊಪ್ಪನ್ನಾದರೂ ಕೊಳ್ಳಿ. ರಥಬೀದಿಯ ಸುತ್ತ ಸಸ್ಯಾಹಾರದ ಊಟ. ಬೇಸಿಗೆಯಲ್ಲಿ ಮುರುಗಲು ಪಾನಕ, ಅಪ್ಪೆಹುಳಿ ಸಿಕ್ಕಲ್ಲಿ ಬಿಡಬೇಡಿ. ಮೀನಿಗೆ ಊರ ಹೊರಗಿನ ಸಣ್ಣ ಖಾನಾವಳಿಗಳೇ ವಾಸಿ. ಮೆನು ಕಾರ್ಡು ಕೇಳುವ ಬದಲು ‘ಇವತ್ತು ಏನು ಬಂದಿದೆ?’ ಎಂದು ಕೇಳಿ. ತಾರ್ಲೆ, ಬಂಗಡೆ, ಶೆಟ್ಲಿ, ನೊಗಲಿ, ದುಡ್ಡಿದ್ದರೆ ಇಸ್ವಾಣ.

ಕನ್ನಡ ಓದುಗರಿಗೆ ಇಲ್ಲಿ ಇನ್ನೂ ಒಂದು ಯಾತ್ರೆ ಇದೆ. ಗೌರೀಶ ಕಾಯ್ಕಿಣಿಯವರ ಊರು ಇದು, ಜಯಂತ ಕಾಯ್ಕಿಣಿ ಹುಟ್ಟಿದ್ದೂ ಇಲ್ಲೇ. ಹತ್ತಿರದ ಹನೇಹಳ್ಳಿ ಯಶವಂತ ಚಿತ್ತಾಲರದು. ಅವರ ಕತೆಗಳಲ್ಲಿ ಹನೇಹಳ್ಳಿ ಎಷ್ಟು ಬಾರಿ ಬರುತ್ತದೆಂದರೆ ಓದಿದವರಿಗೆ ಅಲ್ಲಿ ದಾರಿ ಕೇಳುವ ಅಗತ್ಯವೇ ಬೀಳಲಿಕ್ಕಿಲ್ಲ. ಊರೊಳಗೆ ವೇದೇಶ್ವರ ಅವರು ಜೀವಮಾನವಿಡೀ ಸಂಗ್ರಹಿಸಿ ಕಟ್ಟಿದ ಸ್ಟಡಿ ಸರ್ಕಲ್ ಗ್ರಂಥಾಲಯವಿದೆ. ವಿಚಾರಿಸಿ, ಬಾಗಿಲು ತೆರೆದಿದ್ದರೆ ಒಳಗೆ ಹೋಗಿ. ಬಿಸಿಲು ಹೊತ್ತಿನಲ್ಲಿ ಬೀಚಿನಲ್ಲಿ ಸುಟ್ಟುಕೊಳ್ಳುವುದಕ್ಕಿಂತ ಇದು ಮೇಲು.

ಒಂದು ದಿನ ಅಘನಾಶಿನಿಗೆ

ಮೂರು ದಿನ ಉಳಿಯುವವರು ಒಂದು ದಿನವನ್ನು ಪೂರ್ತಿಯಾಗಿ ಬೀಚು ಬಿಟ್ಟು ದಕ್ಷಿಣದ ಹಿನ್ನೀರಿಗೆ ಕೊಡಬೇಕೆಂಬುದು ನನ್ನ ಹಟ. ಗೋಕರ್ಣವನ್ನು ಸಾಕುವುದು ಆ ಕಡೆಯೇ.

ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಕಡಲು ಸೇರುವ ತದಡಿಯ ಬಳಿ ಅದು ಅಗಲವಾಗಿ ಹರಡಿಕೊಂಡ ಅಳಿವೆಗೆ 2024ರ ಜನವರಿಯಲ್ಲಿ, ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಭರತದಲ್ಲಿ ಉಪ್ಪುನೀರು ನದಿಯೊಳಗೆ ಹೊಕ್ಕು ಬರುತ್ತದೆ, ಇಳಿತದಲ್ಲಿ ಸಿಹಿನೀರು ಹೊರಗೆ ಹೋಗುತ್ತದೆ. ಈ ಒಳಗೆ-ಹೊರಗೆಯ ಆಟದ ಮೇಲೆಯೇ ಇಲ್ಲಿನ ಎಲ್ಲ ಕಸುಬು. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆಗಾಲದಲ್ಲಿ ನೆರೆ ನೀರಿನಲ್ಲಿ ಮುಳುಗಿದರೂ ತಲೆಯೆತ್ತುವ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಮೀನು, ಸಿಗಡಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಹೊಳೆಯ ತಳ ಬಯಲಾದಾಗ ನೂರಾರು ಜನ ಮೊಣಕಾಲು ಮಟ್ಟದ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಇದನ್ನು ನೋಡಲು ತಿಥಿ ಹೊಂದಿಸಿಕೊಂಡು ಹೋದರೆ ಸಾರ್ಥಕ.

ಅದೇ ದಾರಿಯಲ್ಲಿ ಸಾಣಿಕಟ್ಟಾ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಆಗರ. ಮಳೆ ನಿಂತ ಕೆಲವು ತಿಂಗಳ ಮೇಲೆ ಶುರುವಾದ ಕೆಲಸ ಮುಂದಿನ ಮಳೆಯವರೆಗೆ. ಬಿಸಿಲೇರಿದ ಹೊತ್ತಿನಲ್ಲಿ ಕಣ್ಣು ಕುಕ್ಕುತ್ತದೆ, ಬೆಳಿಗ್ಗೆಯೋ ಇಳಿಹೊತ್ತಿಗೋ ಹೋಗಿ. ಮಡಿಗಳ ಮೇಲೆ ಕಾಲಿಡುವ ಮೊದಲು ಕೆಲಸದವರನ್ನು ಕೇಳಿ, ಅದು ಅವರ ಅಡುಗೆಮನೆ ಇದ್ದಂತೆ. ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಇಂಥ ಹರಳುಪ್ಪೇ ಬೇಕು.

ತದಡಿ ಮೀನುಗಾರಿಕೆ ಬಂದರು. ಬೆಳಿಗ್ಗೆ ದೋಣಿ ಬಂದಾಗ ಹರಾಜಿನ ಕೂಗು ಕೇಳಬಹುದು. ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ಬಾರ್ಜಿನಲ್ಲಿ ಜನ, ಬೈಕು ದಾಟುತ್ತವೆ. ಕೊನೆಯ ಬಾರ್ಜು ಎಷ್ಟು ಹೊತ್ತಿಗೆಂದು ಹೋಗುವಾಗಲೇ ಕೇಳಿಕೊಳ್ಳಿ. ತಪ್ಪಿದರೆ ಕುಮಟಾ ಸುತ್ತಿ ಹೆದ್ದಾರಿ ಹಿಡಿದು ಬರಬೇಕು. ಬಂದರೆ ಒಂದು ಲಾಭವೂ ಇದೆ, ದಾರಿಯಲ್ಲಿ ಮಿರ್ಜಾನ ಕೋಟೆ ಸಿಗುತ್ತದೆ. ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ನಿದ್ದೆಗೆಡಿಸಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದ ಕೋಟೆ ಅದು. ಒಂದು ಗಂಟೆ ಸಾಕು.

ಮರಳುವಾಗ ಮಾರ್ಚಿನಿಂದ ಮೇ ನಡುವಿನ ಕಾಲವಾದರೆ ಕುಮಟಾ ಬಳಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ನೇತುಹಾಕಿದ ಸಿಹಿ ಈರುಳ್ಳಿ ಕಾಣುತ್ತದೆ. ಚೌಕಾಸಿ ಸ್ವಲ್ಪ ನಡೆಯುತ್ತದೆ, ಬಹಳ ಬೇಡ. ಕತ್ತು ಒಣಗಿ ಗಟ್ಟಿಯಾದ ಗೊಂಚಲನ್ನೇ ಆರಿಸಿ. ಕಾರಿನ ಡಿಕ್ಕಿಯಲ್ಲಿ ಒದ್ದೆ ಟವೆಲಿನ ಪಕ್ಕ ತುರುಕದೆ ಹಿಂದಿನ ಸೀಟಿನ ಮೇಲಿಟ್ಟು ತನ್ನಿ, ಮನೆಯಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲಕ್ಕೂ ಉಳಿಯುತ್ತದೆ.